ಹಂಪಿಯ ಫೋಟೋಗೆ ತಾರೀಖು ಹಾಕಿ, ನಿಂತ ಜಾಗ ಬರೆಯಿರಿ

ತುಂಗಭದ್ರಾ ದಂಡೆ

ನಾನು ಹೊಸಪೇಟೆಯವನು. ಹಂಪಿಯ ಚಂದದ ಫೋಟೋಗಳಿಗೆ ಏನೂ ಕೊರತೆ ಇಲ್ಲ. ಕಲ್ಲಿನ ರಥ, ಹೇಮಕೂಟದ ಸಂಜೆ, ಮಾತಂಗ ಬೆಟ್ಟದ ಮೇಲಿಂದ ಕಾಣುವ ಮಂಜು, ಹರಿಗೋಲು. ದಿನಾ ನೂರಾರು ಜನ ತೆಗೆಯುತ್ತಾರೆ, ದಿನಾ ನೂರಾರು ಜನ ಹಾಕುತ್ತಾರೆ. ಆದರೆ ಹೆಚ್ಚಿನವಕ್ಕೆ ತಾರೀಖು ಇರುವುದಿಲ್ಲ. ಎಲ್ಲಿ ನಿಂತು ತೆಗೆದದ್ದು ಅಂತಲೂ ಇರುವುದಿಲ್ಲ. ‘ಹಂಪಿ’ ಅಂತ ಒಂದು ಪದ, ಕೆಳಗೆ ಎರಡು ಹೃದಯ.

ಇದರಿಂದ ಏನು ತೊಂದರೆ ಅಂತ ಕೇಳಬಹುದು. 2024ರ ಆಗಸ್ಟ್ ನೆನಪಿದೆ ಅಲ್ವಾ? 10ನೇ ತಾರೀಖು ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಡ್ಯಾಮಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ನದಿ ಪಾತ್ರದ ಊರುಗಳಿಗೆ ಎಚ್ಚರಿಕೆ ಹೋಯಿತು. ಬೆಳಗಾಗುವಷ್ಟರಲ್ಲಿ ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಮೇಲೆ ಫೋಟೋ. ಅದರಲ್ಲಿ ಎಷ್ಟೋ ಹಿಂದಿನ ವರ್ಷಗಳ ನೆರೆಯವು, ಒಂದೆರಡು ಬೇರೆ ಯಾವುದೋ ಡ್ಯಾಮಿನವು. ಕಂಪ್ಲಿ ಕಡೆ ಇರುವ ನಮ್ಮ ಚಿಕ್ಕಮ್ಮ ಹಂಪಿಯ ನದಿ ದಂಡೆಯ ಪುರಂದರ ಮಂಟಪ ಮುಳುಗಿದ ಹಳೇ ಫೋಟೋ ನೋಡಿ, ಊರಿಗೆ ನೀರು ಬಂದೇಬಿಟ್ಟಿತು ಅಂತ ಗಂಟುಮೂಟೆ ಕಟ್ಟಲು ಶುರು ಮಾಡಿದ್ದರು. ಆ ಫೋಟೋ ಸುಳ್ಳಲ್ಲ. ಯಾರೋ ನಮ್ಮವರೇ ಮಳೆಯಲ್ಲಿ ನಿಂತು ತೆಗೆದದ್ದು. ಯಾವತ್ತಿನದು ಅಂತ ಅದರ ಮೇಲೆ ಇದ್ದಿದ್ದರೆ ಆ ಗಾಬರಿ ಆಗುತ್ತಿರಲಿಲ್ಲ.

ಈಗ ಇನ್ನೊಂದು ಬಗೆಯ ಫೋಟೋಗಳ ಬಗ್ಗೆ ಹೇಳುತ್ತೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ ದೊಡ್ಡ ಕ್ಯಾಮೆರಾ ತಂದು ಹಂಪಿಯನ್ನು ತೆಗೆದರು. ಆಗ ಫಿಲ್ಮ್ ರೋಲು ಎಲ್ಲಿ ಬಂತು? ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಆ ಫೋಟೋಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಅದು ಇಲ್ಲ. 50 ರೂಪಾಯಿ ನೋಟಿನಲ್ಲಿ ನಾವು ನೋಡುವುದು ಗೋಪುರ ಇಲ್ಲದ ರಥವನ್ನು. ಮೊದಲು ಹೇಗಿತ್ತು ಅಂತ ನಮಗೆ ಕಣ್ಣಾರೆ ಗೊತ್ತಾಗುವುದು ಆ ಕಾಗದದ ನೆಗೆಟಿವ್‌ನಿಂದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವವೇ ಜಾಗ ಹುಡುಕಿ, ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಲ್ಲು ಬಿದ್ದಿದೆ, ಯಾವುದು ನಿಂತಿದೆ ಎಲ್ಲ ಗೊತ್ತಾಗುತ್ತದೆ.

1983ರ ನಂತರ ಏನೇನಾಗಿದೆ ನೋಡಿ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿ. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿ, ಅದಕ್ಕೆ ಮುಖ್ಯ ಕಾರಣ ಆನೆಗೊಂದಿ ಸೇತುವೆ ಕೆಲಸ. ಆ ಸೇತುವೆ 2009ರಲ್ಲಿ ಕುಸಿಯಿತು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿ ಕೆಡವಿದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನದಿಯ ಆಚೆಗಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳು ಹೋದವು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಸ್ಥಾನದ ಎದುರಿನ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಇದೆಲ್ಲ ಆಗುವಾಗ ಲಕ್ಷಾಂತರ ಫೋಟೋ ತೆಗೆದಿದ್ದಾರೆ. ಆದರೆ ಬೀಳುವ ಮುಂಚೆ ಆ ಮಂಟಪದ ಕಂಬ ಎಷ್ಟು ವಾಲಿತ್ತು, ವರ್ಷದಿಂದ ವರ್ಷಕ್ಕೆ ಹೇಗೆ ವಾಲುತ್ತಾ ಬಂತು ಅಂತ ತೋರಿಸುವ, ಒಂದೇ ಜಾಗದಿಂದ ತೆಗೆದ, ತಾರೀಖು ಇರುವ ಹತ್ತು ಫೋಟೋ ಕೇಳಿ ನೋಡಿ. ಸಿಗುವುದಿಲ್ಲ.

ನನ್ನ ಮಾತು ಇಷ್ಟೇ. ಹಂಪಿಯ ಸುತ್ತ ಕೆಲವು ಜಾಗ ಗೊತ್ತು ಮಾಡಿಕೊಂಡು, ಪ್ರತಿ ವರ್ಷ ಅಲ್ಲೇ ನಿಂತು ಅದೇ ನೋಟವನ್ನು ತೆಗೆಯೋಣ. ಬೇಸಿಗೆಯಲ್ಲಿ ಒಮ್ಮೆ, ನದಿ ತುಂಬಿದಾಗ ಒಮ್ಮೆ. ಯಾರು ಬರುತ್ತೀರಿ?

ಮೂರುಕಾಲು ಸ್ಟ್ಯಾಂಡು

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಬೇಕು. ನಾನು ಬೆಂಗಳೂರಿನಲ್ಲಿ ವಾರವಿಡೀ ಸ್ಕ್ರೀನ್ ಮುಂದೆ ಕೂರುವವನು. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಕತ್ತಲಲ್ಲೇ ಮಾತಂಗ ಬೆಟ್ಟ ಹತ್ತುವುದು ಆ ಬೆಳಕಿಗಾಗಿ. ಕೆಳಗೆ ಅಚ್ಯುತರಾಯ ದೇವಾಲಯದ ಮೇಲೆ ಮೊದಲ ಬಿಸಿಲು ಬೀಳುವಾಗ ಸಿಗುವ ಖುಷಿ ಇದೆಯಲ್ಲ, ಅದೇ ನನಗೆ ಬೇಕಾದದ್ದು. ಅಲ್ಲಿ ಹೋಗಿ ವಾಲಿದ ಕಂಬ ಅಳೆಯುತ್ತಾ ಕೂತರೆ ನನ್ನ ಎರಡು ದಿನ ಮುಗಿದೇ ಹೋಗುತ್ತದೆ. ಫೋಟೋಗ್ರಫಿ ಅಂದರೆ ದಾಖಲೆ ಮಾತ್ರ ಅಲ್ಲ. ಖುಷಿಗೆ ತೆಗೆದ ಫೋಟೋ ನೋಡಿಯೇ ಅಲ್ವಾ ಜನ ಹಂಪಿಗೆ ಬರುವುದು, ಅದನ್ನು ಉಳಿಸಬೇಕು ಅಂತ ಅವರಿಗೆ ಅನ್ನಿಸುವುದು?

ಇನ್ನೊಂದು ತೊಂದರೆ. ಒಂದೇ ಜಾಗ, ಒಂದೇ ಎತ್ತರ ಅಂದರೆ ಟ್ರೈಪಾಡ್ ಬೇಕು. ಪುರಾತತ್ವ ಇಲಾಖೆಯ ಆವರಣದೊಳಗೆ ಟ್ರೈಪಾಡ್ ನಿಲ್ಲಿಸಲು ಮುಂಚೆಯೇ ಅನುಮತಿ ಪಡೆಯಬೇಕು. ಡ್ರೋನ್ ಅಂತೂ ಕೇಳುವ ಹಾಗೇ ಇಲ್ಲ. ಶನಿವಾರ ಬಂದು ಭಾನುವಾರ ಹೊರಡುವವರು ಆ ಕಾಗದಪತ್ರ ಯಾವಾಗ ಮಾಡಿಸುವುದು?

ತುಂಗಭದ್ರಾ ದಂಡೆ

ನಿಮ್ಮ ಬೆಳಕು ನೀವು ತೆಗೆಯಿರಿ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಅದೇ ಬೆಟ್ಟದಿಂದ ಇಳಿಯುವಾಗ ಇನ್ನೊಂದು ಫೋಟೋ ಜಾಸ್ತಿ ತೆಗೆಯಿರಿ, ಅಷ್ಟೇ. ನಿಮ್ಮ ಅಚ್ಯುತರಾಯ ದೇವಾಲಯದ ಫೋಟೋವೂ ದಾಖಲೆಯೇ. ಮೇಲಿಂದ ಇಡೀ ಪ್ರಾಕಾರ, ಎದುರಿನ ಬೀದಿಯ ಸಾಲು ಮಂಟಪ ಎಲ್ಲ ಕಾಣುತ್ತದೆ. ಯಾವತ್ತು ತೆಗೆದದ್ದು ಅಂತ ಬರೆದರೆ ಸಾಕು.

ಟ್ರೈಪಾಡ್ ಬೇಕಿಲ್ಲ. ಕೈಯಲ್ಲೇ ಹಿಡಿದು ತೆಗೆಯಬಹುದು. ಸಾಮಾನ್ಯ ಫೋಟೋ ತೆಗೆಯಲು ಇಲಾಖೆಯ ಅಡ್ಡಿ ಇಲ್ಲ. 2018ರ ಜುಲೈನಲ್ಲೇ ಅಜಂತಾ, ತಾಜ್ ಮಹಲಿನ ಗೋರಿಯ ಒಳಭಾಗ, ಲೇಹ್ ಅರಮನೆ ಬಿಟ್ಟು ಉಳಿದ ಕಡೆ ಫೋಟೋ ನಿರ್ಬಂಧ ತೆಗೆದರು.

ಹಳೇ ರೋಲು

ಮೂರುಕಾಲು ಅವರೇ, ಒಂದೇ ಜಾಗದಲ್ಲಿ ನಿಲ್ಲಲು ಟ್ರೈಪಾಡ್ ಸಹಾಯ ಮಾಡುವುದೂ ಇಲ್ಲ. ಅದು ಕ್ಯಾಮೆರಾ ಅಲುಗಾಡದ ಹಾಗೆ ನೋಡಿಕೊಳ್ಳುತ್ತದೆ. ಹೋದ ವರ್ಷ ಎಲ್ಲಿ ನಿಂತಿದ್ದಿರಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ನಾನು ಮೈಸೂರಿನವನು, ಸ್ಟುಡಿಯೋ ನಡೆಸಿದವನು, ಈಗ ಬಿಟ್ಟಿದ್ದೇನೆ. ಹಳೇ ಫೋಟೋದ ಜಾಗ ಹುಡುಕುವ ಕ್ರಮ ಹೇಳುತ್ತೇನೆ. ಫೋಟೋದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು, ಎರಡೂ ಒಂದರ ಅಂಚಿಗೆ ಒಂದು ತಾಗಿ ಕಾಣುವಂಥ ಜಾಗ ನೋಡಿ. ಉದಾಹರಣೆಗೆ ಹತ್ತಿರದ ಕಂಬದ ಎಡ ಅಂಚಿಗೆ ಸರಿಯಾಗಿ ದೂರದ ಗೋಪುರದ ತುದಿ ಬಂದಿದೆ ಅಂತಿಟ್ಟುಕೊಳ್ಳಿ. ನೀವು ಎಡಕ್ಕೆ ಹೆಜ್ಜೆ ಹಾಕಿದರೆ ಗೋಪುರ ಕಂಬದ ಹಿಂದಿನಿಂದ ಆಚೆ ಬರುತ್ತದೆ, ಬಲಕ್ಕೆ ಹೋದರೆ ಮರೆಯಾಗುತ್ತದೆ. ಹೀಗೆ ಒಂದು ಜೋಡಿ ಹೊಂದಿಸಿದರೆ ನೀವು ಒಂದು ಗೆರೆಯ ಮೇಲೆ ಬಂದಿರುತ್ತೀರಿ. ಫೋಟೋದ ಇನ್ನೊಂದು ಬದಿಯಲ್ಲಿ ಮತ್ತೊಂದು ಜೋಡಿ ಹೊಂದಿಸಿದರೆ ಆ ಗೆರೆಯ ಮೇಲೆ ಹಿಂದೆ ಮುಂದೆ ಎಲ್ಲಿ ನಿಲ್ಲಬೇಕು ಅನ್ನುವುದೂ ತೀರ್ಮಾನವಾಗುತ್ತದೆ. ಎತ್ತರಕ್ಕೂ ಇದೇ ಕ್ರಮ. ಮುಂದಿನ ಗೋಡೆಯ ತಲೆ ಹಿಂದಿನ ಬಂಡೆಯ ಯಾವ ಬಿರುಕಿಗೆ ತಾಗುತ್ತದೆ ನೋಡಿ.

ಲೆನ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 28 ಎಂಎಂ ಆದರೇನು, 50 ಆದರೇನು, ನಿಂತ ಜಾಗ ಒಂದೇ ಆದರೆ ವಸ್ತುಗಳು ಒಂದಕ್ಕೊಂದು ಕಾಣುವ ರೀತಿ ಬದಲಾಗುವುದಿಲ್ಲ. ಎಷ್ಟು ಅಗಲ ಹಿಡಿಯುತ್ತದೆ ಅನ್ನುವುದು ಮಾತ್ರ ಬದಲಾಗುತ್ತದೆ. ಅದನ್ನು ಆಮೇಲೆ ಕತ್ತರಿಸಿ ಸರಿಮಾಡಬಹುದು. ನಿಂತ ಜಾಗ ತಪ್ಪಿದರೆ ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ.

ಹಂಪಿಯಲ್ಲಿ ಇದು ಬೇರೆ ಊರಿಗಿಂತ ಸುಲಭ. ಪೇಟೆಯಲ್ಲಾದರೆ ಕಟ್ಟಡ, ಬೋರ್ಡು, ಕಂಬ ಎಲ್ಲ ಐದು ವರ್ಷಕ್ಕೆ ಬದಲಾಗುತ್ತವೆ. ಹಂಪಿಯಲ್ಲಿ ಆ ಗುಂಡುಗಳಿವೆ. ಒಂದರ ಮೇಲೊಂದು ಕೂತ ಆ ಬಂಡೆಗಳು 1856ರಲ್ಲಿ ಎಲ್ಲಿದ್ದವೋ ಹೆಚ್ಚುಕಡಿಮೆ ಅಲ್ಲೇ ಇವೆ. ಗುರುತಿಗೆ ಅವನ್ನೇ ಹಿಡಿಯಿರಿ, ಗಿಡಮರವನ್ನು ನಂಬಬೇಡಿ.

ತಿಂಗಳು, ಗಂಟೆಯೂ ಮುಖ್ಯ. ಡಿಸೆಂಬರ್ ಬೆಳಗಿನ ನೆರಳು ಉದ್ದ, ಮೇ ತಿಂಗಳದು ಗಿಡ್ಡ. ನೆರಳಿನಲ್ಲಿ ಮುಚ್ಚಿಹೋದ ಬಿರುಕನ್ನು ನೋಡಿ ಬಿರುಕೇ ಇಲ್ಲ ಅಂದುಕೊಳ್ಳುವ ಅಪಾಯ ಇದೆ. ಆದ್ದರಿಂದ ವರ್ಷವೂ ಅದೇ ತಿಂಗಳು, ಅದೇ ಹೊತ್ತಿಗೆ ಹೋಗಿ.

ಮೂರುಕಾಲು ಸ್ಟ್ಯಾಂಡು

ಈ ಎರಡು ಜೋಡಿಯ ಕ್ರಮ ನನಗೆ ಗೊತ್ತಿರಲಿಲ್ಲ ಸರ್. ಇದು ನಿಜವಾಗಿಯೂ ಮಾಡಿ ನೋಡಬೇಕು ಅನ್ನಿಸುತ್ತಿದೆ.

ಮಲಪ್ರಭಾ

ಬಾದಾಮಿ ಕಡೆಯಿಂದ ಬರೆಯುತ್ತಿದ್ದೇನೆ. ದಂಡೆಯಣ್ಣ, ನೀವು ಹೇಳಿದ್ದು ಹಂಪಿಗಷ್ಟೇ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನುಗ್ಗಿತ್ತು. ಆಗ ಎಲ್ಲರೂ ತೆಗೆದದ್ದು ದೂರದಿಂದ, ನೀರಿನ ಮಧ್ಯೆ ಶಿಖರಗಳು ನಿಂತ ನೋಟ. ನೋಡಲು ಎದೆ ಝಲ್ ಅನ್ನಿಸುವಂಥದ್ದು, ಪೇಪರಿನಲ್ಲಿ ಬರುವಂಥದ್ದು. ಆದರೆ ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿಯುತ್ತದೆ ನೋಡಿ, ಆ ಕೆಸರಿನ ಗೆರೆ, ಅದನ್ನು ಯಾರೂ ತೆಗೆಯುವುದಿಲ್ಲ. ಒಂದೆರಡು ಮಳೆ ಬಂದರೆ, ಸ್ವಚ್ಛತೆ ಕೆಲಸ ಶುರುವಾದರೆ ಅದು ಹೋಗಿಬಿಡುತ್ತದೆ. ಮುಂದಿನ ನೆರೆ ಇದಕ್ಕಿಂತ ಮೇಲೆ ಬಂತೋ ಕೆಳಗೆ ನಿಂತಿತೋ ಅಂತ ಹೇಳಲು ನಮ್ಮ ಹತ್ತಿರ ಏನಿರುತ್ತದೆ? ಹಿರಿಯರ ನೆನಪು. ಒಬ್ಬರು ಮೊಣಕಾಲು ಅಂತಾರೆ, ಒಬ್ಬರು ಸೊಂಟ ಅಂತಾರೆ.

ಹಾಗಾಗಿ ನನ್ನದೊಂದು ಕೋರಿಕೆ. ನೆರೆಯ ಫೋಟೋ ತೆಗೆಯುವವರು ನೀರು ಇಳಿದ ಮೇಲೆ ಮತ್ತೊಮ್ಮೆ ಹೋಗಿ. ಗೆರೆಯ ಪಕ್ಕ ಒಂದು ಅಳತೆ ಕಾಣುವ ಹಾಗೆ ತೆಗೆಯಿರಿ. ಸ್ಕೇಲು ಇಲ್ಲದಿದ್ದರೆ ಕೊಡೆ ನಿಲ್ಲಿಸಿ, ಮನೆಗೆ ಬಂದು ಆ ಕೊಡೆಯನ್ನು ಅಳೆಯಿರಿ. ಗೋಡೆಗೆ ಏನನ್ನೂ ಅಂಟಿಸಬೇಡಿ, ಗೀಚಬೇಡಿ. ದೇವಾಲಯದ ಅಧಿಷ್ಠಾನದ, ಅಂದರೆ ಕೆಳಗಿನ ಪೀಠದ, ಪಟ್ಟಿಗಳೇ ಒಂದು ಅಳತೆ. ನೀರು ಎಷ್ಟನೇ ಪಟ್ಟಿಯವರೆಗೆ ಬಂದಿತ್ತು ಅಂತ ಫೋಟೋದಲ್ಲಿ ಕಂಡರೆ ಮುಂದೆ ಯಾರು ಬೇಕಾದರೂ ಹೋಗಿ ಅಳೆಯಬಹುದು.

ತುಂಗಭದ್ರಾ ದಂಡೆ

ಅಕ್ಕ, ಇದು ಬಹಳ ಉಪಯೋಗದ ಮಾತು. ಪುರಂದರ ಮಂಟಪದ ಹತ್ತಿರ ನದಿಯೊಳಗೆ ಹಳೇ ಕಲ್ಲು ಸೇತುವೆಯ ಕಂಬಗಳು ಸಾಲಾಗಿ ನಿಂತಿವೆಯಲ್ಲ, ಆನೆಗೊಂದಿ ಕಡೆಗೆ ಹೋಗುತ್ತಿದ್ದ ಸೇತುವೆ. ಅವು ನೀರಿನ ಮಟ್ಟ ನೋಡಲು ಹೇಳಿ ಮಾಡಿಸಿದ ಹಾಗಿವೆ. ಲಕ್ಷ ಕ್ಯೂಸೆಕ್‌ಗೂ (ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು) ಮಿಕ್ಕಿ ಬಿಟ್ಟ ದಿನ ಮಂಟಪ ಮುಳುಗಿರುತ್ತದೆ, ಕಂಪ್ಲಿ ಸೇತುವೆಯ ಮೇಲೂ ಸಂಚಾರ ನಿಲ್ಲಿಸುತ್ತಾರೆ. ಡ್ಯಾಮಿನಿಂದ ಅವತ್ತು ಎಷ್ಟು ಬಿಟ್ಟರು ಅನ್ನುವ ಲೆಕ್ಕ ಪೇಪರಿನಲ್ಲಿ ದಿನಾ ಬರುತ್ತದೆ. ಅದನ್ನೂ ಫೋಟೋ ಕೆಳಗೆ ಬರೆದರೆ, ಇಷ್ಟು ಕ್ಯೂಸೆಕ್‌ಗೆ ಇಷ್ಟು ಕಂಬ ಮುಳುಗುತ್ತದೆ ಅಂತ ನಾಲ್ಕೈದು ವರ್ಷದಲ್ಲಿ ನಮಗೇ ಗೊತ್ತಾಗುತ್ತದೆ. ಆಗ ಕಂಪ್ಲಿಯ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಬಹುದು, ಇವತ್ತು ಗಾಬರಿಯಾಗಬೇಡ ಅಂತ.

ಡ್ಯಾಮಿನ ಫೋಟೋ ಬಂದರೆ ಇನ್ನೊಂದು ಗುರುತು. ತುಂಗಭದ್ರಾಗೆ 33 ಕ್ರಸ್ಟ್ ಗೇಟು. ಸಾಲು ಪೂರ್ತಿ ಕಾಣುವ ಫೋಟೋ ಆದರೆ ಎಣಿಸಿ ನೋಡಿ. ಎಣಿಕೆ ತಾಳೆಯಾಗದಿದ್ದರೆ ಅದು ನಮ್ಮ ಡ್ಯಾಮ್ ಅಲ್ಲ, ಮುಂದಕ್ಕೆ ಕಳಿಸಬೇಡಿ.

ಮೊಬೈಲ್ ಸಾಕು

ನಾನು ಕಮಲಾಪುರದವನು, ಡಿಗ್ರಿ ಓದುತ್ತಿದ್ದೇನೆ. ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಫೋನು ಮಾತ್ರ. ಫೋನಿನ ಫೋಟೋ ನಡೆಯುತ್ತದಾ? ತಾರೀಖು ಅಂತೂ ಫೋನೇ ಒಳಗೆ ಬರೆದುಕೊಳ್ಳುತ್ತದೆ ಅಲ್ವಾ, ಮತ್ತೆ ನಾವು ಯಾಕೆ ಬರೆಯಬೇಕು?

ಇನ್ನೊಂದು ಪ್ರಶ್ನೆ. ವಿರೂಪಾಕ್ಷ ದೇವಸ್ಥಾನದ ಒಳಗೆ ಗೋಪುರದ ತಲೆಕೆಳಗಾದ ನೆರಳು ಬೀಳುವ ಕತ್ತಲೆ ಕೋಣೆ ಇದೆಯಲ್ಲ, ಅದನ್ನು ಚೆನ್ನಾಗಿ ತೆಗೆಯಲು ಆಗುತ್ತಲೇ ಇಲ್ಲ. ಬರೀ ಕಪ್ಪು ಬರುತ್ತದೆ.

ಹಳೇ ರೋಲು

ಫೋನು ಧಾರಾಳವಾಗಿ ನಡೆಯುತ್ತದೆ ಮಗು. ನೀನು ಕಮಲಾಪುರದಲ್ಲೇ ಇರುವುದು ದುಬಾರಿ ಕ್ಯಾಮೆರಾಕ್ಕಿಂತ ದೊಡ್ಡ ಅನುಕೂಲ. ಬೆಂಗಳೂರಿನವರು ವರ್ಷಕ್ಕೊಮ್ಮೆ ಬರುತ್ತಾರೆ, ನೀನು ಸೈಕಲ್ ಹತ್ತಿದರೆ ಮುಗಿಯಿತು.

ಫೋನು ತಾರೀಖು ಬರೆದುಕೊಳ್ಳುತ್ತದೆ, ನಿಜ. ಲೊಕೇಶನ್ ಆನ್ ಇದ್ದರೆ ಜಾಗವೂ ಇರುತ್ತದೆ. ಆದರೆ ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದ ತಕ್ಷಣ ಆ ಮಾಹಿತಿ ಅಳಿಸಿಹೋಗುತ್ತದೆ, ಫೋಟೋವೂ ಚಿಕ್ಕದಾಗುತ್ತದೆ. ಆಮೇಲೆ ಅದು ನೂರು ಗುಂಪು ಸುತ್ತುವಾಗ ಅದಕ್ಕೆ ಊರೂ ಇಲ್ಲ, ದಿನವೂ ಇಲ್ಲ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಆದರೂ ನೀನೇ ಬರೆ. ಫೈಲಿನ ಹೆಸರಿನಲ್ಲೇ ವರ್ಷ, ತಿಂಗಳು, ದಿನ, ಜಾಗ ಇರಲಿ. ಸುದ್ದಿಯ ಫೋಟೋ ಆದರೆ ಒಂದು ಮೂಲೆಯಲ್ಲಿ ಚಿತ್ರದ ಮೇಲೇ ತಾರೀಖು ಬರೆದುಬಿಡು, ಬರೆಯದ ಮೂಲ ಪ್ರತಿಯನ್ನು ಬೇರೆ ಇಟ್ಟುಕೋ. ಚಂದ ಕೆಡುತ್ತದೆ ಅನ್ನಿಸಬಹುದು. ನೆರೆಯ ದಿನ ಚಂದ ಯಾರಿಗೂ ಬೇಕಾಗಿರುವುದಿಲ್ಲ.

ನಮ್ಮ ಕಾಲದಲ್ಲಿ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು. ಬಾಲ್ ಪೆನ್ನಾದರೆ ಒತ್ತು ಮುಂದಕ್ಕೆ ಮೂಡುತ್ತದೆ, ಇಂಕು ಹರಡುತ್ತದೆ. ಹಾಗೆ ಬರೆಯದ ಪ್ರಿಂಟುಗಳು ಈಗ ಮನೆಮನೆಯಲ್ಲಿ ಇವೆ, ಅದರಲ್ಲಿರುವವರು ಯಾರು ಅಂತ ಹೇಳುವವರು ಇಲ್ಲ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ 1961ರ ಗೋವಾ ವಿಮೋಚನೆಯಂಥ ಸುದ್ದಿಯನ್ನೂ ತೆಗೆದರು, ಬೀದಿಯ ಮಕ್ಕಳು, ಸಾಮಾನ್ಯ ಜನರ ದಿನನಿತ್ಯವನ್ನೂ ತೆಗೆದರು. ಅವರ ಯಾವ ಚಿತ್ರ ತೆಗೆದುಕೊಂಡರೂ ಎಲ್ಲಿ, ಯಾರು ಅನ್ನುವುದು ಗೊತ್ತಾದರೆ ಅದರ ತೂಕ ಎಷ್ಟು ಹೆಚ್ಚುತ್ತದೆ ನೋಡಿ.

ಕತ್ತಲೆ ಕೋಣೆಯ ವಿಷಯ. ಅದು ಕ್ಯಾಮೆರಾದ ಮೂಲ ತತ್ವವೇ. ಗೋಡೆಯ ಚಿಕ್ಕ ಕಿಂಡಿಯಿಂದ ಬೆಳಕು ನೇರ ಗೆರೆಯಲ್ಲಿ ಬಂದು, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೀಳುತ್ತದೆ. ಫೋನಿನಲ್ಲಿ ನೈಟ್ ಮೋಡ್ ಹಾಕು, ಫೋನನ್ನು ಕಂಬಕ್ಕೋ ಗೋಡೆಗೋ ಒತ್ತಿ ಹಿಡಿ, ಟೈಮರ್ ಇಟ್ಟು ಕೈ ಅಲುಗಾಡದ ಹಾಗೆ ತೆಗೆ. ಫ್ಲ್ಯಾಶ್ ಬೇಡವೇ ಬೇಡ, ಆ ಬೆಳಕಿಗೆ ನೆರಳೇ ಮಾಯವಾಗುತ್ತದೆ. ಹೊರಗೆ ಗೋಪುರದ ಮೇಲೆ ಬಿಸಿಲು ಚೆನ್ನಾಗಿ ಇರುವಾಗ ಹೋಗು, ಮೋಡದ ದಿನ ಪ್ರಯೋಜನವಿಲ್ಲ.

ಗಂಗಾವಳಿ ತೀರ

ಎಲ್ಲ ಓದಿದೆ. ನಾನು ಅಂಕೋಲಾ ಕಡೆಯವಳು. ಸುದ್ದಿಯ ಫೋಟೋ ಅಂತ ಮಾತು ಬಂದದ್ದರಿಂದ ಬರೆಯಬೇಕು ಅನ್ನಿಸಿತು.

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಂತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿಗಳು, ಎಲ್ಲ ಹೋಯಿತು. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೂ ಬಂತು. ನದಿಯಿಂದ ಲಾರಿ ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ ಆಗಿತ್ತು. ಆ ದಿನಗಳಲ್ಲಿ ಕ್ಯಾಮೆರಾಗಳು ಎಷ್ಟು ಬಂದವು ಅಂದರೆ, ಅಳುತ್ತಿದ್ದವರು ಸೆರಗು ಮುಖಕ್ಕೆ ಎಳೆದುಕೊಳ್ಳಬೇಕಾಯಿತು. ಮೊಬೈಲ್ ಮೇಲೆತ್ತಿ ಹತ್ತಿರ ಹತ್ತಿರ ಹೋಗುವವರು, ‘ಈ ಕಡೆ ನೋಡಿ’ ಅನ್ನುವವರು. ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ತಾರೀಖು ಹಾಕಿ, ಜಾಗ ಹಾಕಿ, ಎಲ್ಲ ಸರಿ. ಆದರೆ ದುಃಖದಲ್ಲಿ ಇರುವವರ ಮುಖ ತೆಗೆಯುವ ಮುಂಚೆ ಅವರನ್ನು ಕೇಳಿ. ಕೇಳುವ ಹಾಗಿಲ್ಲ ಅಂದರೆ ತೆಗೆಯಬೇಡಿ. ಅದರಿಂದ ಸುದ್ದಿಗೆ ಏನೂ ಕಡಿಮೆಯಾಗುವುದಿಲ್ಲ. ಗುಡ್ಡ ತೆಗೆಯಿರಿ, ಕುಸಿದ ಜಾಗ ತೆಗೆಯಿರಿ, ರಸ್ತೆ ಎಷ್ಟು ಮುಚ್ಚಿದೆ ತೆಗೆಯಿರಿ.

ಇನ್ನೊಂದು, ಆ ಘಟನೆಯ ನಂತರ ಜನ ಹುಡುಕಿದ್ದು ಕುಸಿತದ ಫೋಟೋ ಅಲ್ಲ, ಕುಸಿಯುವ ಮುಂಚಿನ ಫೋಟೋ. ರಸ್ತೆ ಅಗಲ ಮಾಡಲು ಗುಡ್ಡವನ್ನು ಎಷ್ಟು ಕಡಿದಿದ್ದರು, ಎಷ್ಟು ಕಡಿದಾಗಿ ಬಿಟ್ಟಿದ್ದರು ಅಂತ ಎಲ್ಲರೂ ವಾದ ಮಾಡುತ್ತಿದ್ದರು. ಅಲ್ಲಿ ಇಳಿದು ಚಹಾ ಕುಡಿದು, ಸುಮ್ನೆ ಒಂದು ಸೆಲ್ಫಿ ತೆಗೆದುಕೊಂಡು ಹೋದವರು ಎಷ್ಟು ಜನ! ಅವರ ಬೆನ್ನ ಹಿಂದೆ ಆ ಗುಡ್ಡ ಇತ್ತು. ತಾರೀಖು ಇರುವ ಅಂಥ ಫೋಟೋಗಳು ಒಂದು ಕಡೆ ಸೇರಿದ್ದರೆ ವರ್ಷ ವರ್ಷ ಆ ಗುಡ್ಡ ಹೇಗೆ ಬದಲಾಯಿತು ಅಂತ ತೋರಿಸಬಹುದಿತ್ತು. ಘಟ್ಟದ ರಸ್ತೆಯಲ್ಲಿ ಓಡಾಡುವವರಿಗೆ ನನ್ನ ವಿನಂತಿ ಇದು. ಜಲಪಾತದ ಜೊತೆಗೆ ರಸ್ತೆ ಬದಿಯ ಕಡಿದ ಗುಡ್ಡವನ್ನೂ ತೆಗೆಯಿರಿ. ಯಾರಿಗೂ ಇಷ್ಟವಾಗದ ಫೋಟೋ ಅದು. ಆದರೂ ತೆಗೆಯಿರಿ.

ಮಲಪ್ರಭಾ

ಓದಿ ಕಣ್ಣು ತುಂಬಿತು ತಂಗಿ. ಕೇಳದೆ ಮುಖ ತೆಗೆಯಬಾರದು ಅನ್ನುವುದನ್ನು ನಾವೆಲ್ಲ ಮೊದಲ ನಿಯಮ ಅಂತ ಇಟ್ಟುಕೊಳ್ಳೋಣ. ನೆರೆ ಪರಿಹಾರ ಕೇಂದ್ರಗಳಲ್ಲಿ ಊಟಕ್ಕೆ ಕೂತವರನ್ನು ತೆಗೆಯುವುದು ನಮ್ಮ ಕಡೆಯೂ ನಡೆಯುತ್ತದೆ.

ಆನೆಗೊಂದಿ ಕಡೆಯವನು

ನಾನು ಸ್ವಲ್ಪ ವಿರೋಧ ಹೇಳಬೇಕು. ಎಲ್ಲ ಫೋಟೋಗೂ ನಿಖರ ಜಾಗ ಹಾಕಬೇಡಿ.

ನಮ್ಮ ಕಡೆ ನಿಧಿಗಳ್ಳರ ಕಾಟ ಎಷ್ಟಿದೆ ಅಂತ ಹೊರಗಿನವರಿಗೆ ಗೊತ್ತಿಲ್ಲ. 2019ರ ಜುಲೈನಲ್ಲಿ ಆನೆಗೊಂದಿ ಹತ್ತಿರದ ನವಬೃಂದಾವನದಲ್ಲಿ ಮಾಧ್ವ ಯತಿ ವ್ಯಾಸರಾಜರ ಬೃಂದಾವನವನ್ನೇ, ಅಂದರೆ ಸಮಾಧಿಯನ್ನೇ, ಒಡೆದರು. ಪೂಜೆ ನಡೆಯುವ ಜಾಗ, ಜನ ಬಂದು ಹೋಗುವ ಜಾಗ, ಅಲ್ಲೇ ಹೀಗಾದರೆ ಬೆಟ್ಟದ ಸಂದಿಯಲ್ಲಿರುವ ಗುಡಿ, ಬಂಡೆಯ ಕೆಳಗಿನ ಚಿತ್ರ, ಹೊಲದ ಬದುವಿನ ವೀರಗಲ್ಲು ಇವಕ್ಕೆ ಕಾವಲು ಯಾರು? ನೀವು ಜಿಪಿಎಸ್ ಸಮೇತ ಹಾಕಿದರೆ ಒಳ್ಳೆಯವರೂ ಬರುತ್ತಾರೆ, ಹಾರೆ ಹಿಡಿದವರೂ ಬರುತ್ತಾರೆ. ರಥ, ಗಜಶಾಲೆ, ಪುರಂದರ ಮಂಟಪ ಎಲ್ಲರಿಗೂ ಗೊತ್ತಿರುವ ಜಾಗಗಳು, ಅಲ್ಲಿ ಧಾರಾಳವಾಗಿ ಹಾಕಿ. ಬೇರೆಯವಕ್ಕೆ ಜಾಗವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಹೊರಗೆ ಬಿಡಬೇಡಿ. ಇಲಾಖೆಯವರಿಗೆ ತಿಳಿಸಬೇಕಾದರೆ ನೇರ ಅವರಿಗೇ ಕೊಡಿ.

ಇನ್ನು ದಂಡೆಯವರು ಬಜಾರು, ವಿರೂಪಾಪುರಗಡ್ಡೆ ಬಗ್ಗೆ ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದರು. ಬಜಾರಿನ ಮಂಟಪಗಳಲ್ಲಿ ತಲೆಮಾರುಗಳಿಂದ ಸಂಸಾರ ಮಾಡಿದವರಿದ್ದರು. ಅದನ್ನು ‘ಒತ್ತುವರಿ’ ಅಂತ ಒಂದು ಪದದಲ್ಲಿ ಮುಗಿಸುವುದು ನನಗೆ ಒಪ್ಪಿಗೆ ಇಲ್ಲ. ಕಲ್ಲಿನ ಫೋಟೋ ಮಾತ್ರ ದಾಖಲೆ, ಆ ಕಲ್ಲಿನ ನೆರಳಲ್ಲಿ ಬದುಕಿದವರು ದಾಖಲೆ ಅಲ್ಲ ಅಂತಾಗಬಾರದು.

ತುಂಗಭದ್ರಾ ದಂಡೆ

ಒಪ್ಪುತ್ತೇನೆ, ಎರಡನ್ನೂ. ‘ಒತ್ತುವರಿ’ ಅಂತ ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ತೆರವು ಸರಿಯೋ ತಪ್ಪೋ ಅಂತ ಇಲ್ಲಿ ತೀರ್ಮಾನ ಆಗುವುದಿಲ್ಲ. ಆದರೆ ಆ ಬೀದಿ ತುಂಬಿ ತುಳುಕುತ್ತಿದ್ದ ದಿನಗಳ ಫೋಟೋ ಇದ್ದರೆ, ಯಾವ ಕಂಬದ ಹತ್ತಿರ ಯಾರ ಅಂಗಡಿ ಇತ್ತು, ಮಂಟಪಕ್ಕೆ ಎಲ್ಲಿ ಗೋಡೆ ಕಟ್ಟಿಕೊಂಡಿದ್ದರು, ಎಲ್ಲಿ ಇದ್ದ ಹಾಗೇ ಬಳಸುತ್ತಿದ್ದರು ಅಂತ ಮಾತಾಡಲು ಆಧಾರ ಇರುತ್ತದೆ.

ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ವಿಷಯವೂ ನೆನಪಾಗುತ್ತದೆ. 2019ರ ಫೆಬ್ರವರಿಯಲ್ಲಿ ಹುಡುಗರು ಕಂಬ ದೂಡಿ ಬೀಳಿಸುವ ವಿಡಿಯೋ ಹರಿದಾಡಿತು. ಸಿಕ್ಕಿಬಿದ್ದವರಿಂದಲೇ ಕೋರ್ಟು ಕಂಬ ಎತ್ತಿ ನಿಲ್ಲಿಸಿತು, ದಂಡವನ್ನೂ ಹಾಕಿತು. ಅಷ್ಟು ದೊಡ್ಡ ಸುದ್ದಿಯಾದದ್ದು ಅವರೇ ವಿಡಿಯೋ ಮಾಡಿಕೊಂಡಿದ್ದರಿಂದ. ವಿಡಿಯೋ ಇಲ್ಲದೆ ಬಿದ್ದ ಕಂಬಗಳನ್ನು ಯಾರು ಕೇಳುತ್ತಾರೆ? ಜನ ಜಾಸ್ತಿ ಹೋಗದ ಇಂಥ ಮಂಟಪಗಳನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ತೆಗೆಯಬೇಕು.

ಮೆಲ್ಬರ್ನ್ ಮನೆ

ಹುಟ್ಟಿದ್ದು ಬಳ್ಳಾರಿಯಲ್ಲಿ, ಈಗ ಇರುವುದು ಮೆಲ್ಬರ್ನ್‌ನಲ್ಲಿ. ಗಾಲಿಂಗ್ಸ್ ಈ ಊರಿನವರೇ. ದೂರದಿಂದ ಬಂದವರು ನಮ್ಮ ಕಲ್ಲುಗಳನ್ನು ಅಷ್ಟು ತಾಳ್ಮೆಯಿಂದ ತೆಗೆದಿದ್ದಾರೆ ಅಂದಾಗ ಹೆಮ್ಮೆಯೂ ಆಗುತ್ತದೆ, ನಾವೂ ಮಾಡಬೇಕಿತ್ತು ಅಂತಲೂ ಅನ್ನಿಸುತ್ತದೆ.

ನಾನು ಬರುವುದು ಯಾವಾಗಲೋ ಒಮ್ಮೆ. ಆದರೆ ಅಪ್ಪನ ಆಲ್ಬಮ್ ಇದೆ. ಶಾಲೆಯ ಪ್ರವಾಸದಲ್ಲಿ ಎದುರು ಬಸವಣ್ಣನ ಮುಂದೆ ನಿಂತದ್ದು, ಹಿಂದೆ ಬಜಾರಿನ ಅಂಗಡಿಗಳು, ತೂಗು ಹಾಕಿದ ಬಟ್ಟೆ, ಹೋಟೆಲಿನ ಬೋರ್ಡು ಎಲ್ಲ ಬಂದಿದೆ. ಇಷ್ಟು ದಿನ ನಾವು ಅದರಲ್ಲಿ ನೋಡುತ್ತಿದ್ದದ್ದು ನಮ್ಮ ಮುಖ ಮಾತ್ರ. ಇಂಥವು ಕೆಲಸಕ್ಕೆ ಬರುತ್ತವಾ?

ಹಳೇ ರೋಲು

ಬರುತ್ತವೆ ಅಂತ ಕೇಳಬೇಕಾ ಮೇಡಂ! ಅಂಥದ್ದೇ ಬೇಕು. ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆಯಬೇಡಿ, ಹೊಳಪು ಬರುತ್ತದೆ, ಅಂಚು ಸೊಟ್ಟಗಾಗುತ್ತದೆ. ಸ್ಕ್ಯಾನರ್‌ನಲ್ಲಿ ಕನಿಷ್ಠ 600 ಡಿಪಿಐ ಇಟ್ಟು ಮಾಡಿ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ, ಸ್ಟುಡಿಯೋ ಮುದ್ರೆ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ನೆಗೆಟಿವ್ ಸಿಕ್ಕರೆ ಇನ್ನೂ ಒಳ್ಳೆಯದು. ವರ್ಷ ಗೊತ್ತಿಲ್ಲದಿದ್ದರೆ ನೀವು ಆಗ ಎಷ್ಟನೇ ಕ್ಲಾಸು ಅಂತ ಲೆಕ್ಕ ಹಾಕಿ, ಅಷ್ಟು ಸಾಕು. ಪ್ರಿಂಟನ್ನು ಮಾತ್ರ ಯಾರಿಗೂ ಕೊಡಬೇಡಿ, ಪ್ರತಿ ಕೊಡಿ.

ಇನ್ನೊಂದು ಸಲಹೆ. ಎಲ್ಲರಿಗೂ ಸಿಗಬೇಕು ಅನ್ನುವ ಫೋಟೋಗಳನ್ನು ವಿಕಿಪೀಡಿಯಾದವರ ಫೋಟೋ ಭಂಡಾರ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಾಕಿ. ತಾರೀಖು, ಜಾಗ, ತೆಗೆದವರ ಹೆಸರು ಬರೆಯಲು ಅಲ್ಲಿ ಜಾಗವೇ ಇದೆ. ಯಾರು ಬೇಕಾದರೂ ಬಳಸಬಹುದು ಅನ್ನುವ ಲೈಸೆನ್ಸ್ ಕೊಡಬೇಕಾಗುತ್ತದೆ, ಅದನ್ನು ಓದಿ, ಒಪ್ಪಿಗೆಯಾದರೆ ಮಾತ್ರ ಹಾಕಿ. ಮನೆಯವರ ಮುಖ ಇರುವುದನ್ನು ಮನೆಯವರನ್ನು ಕೇಳಿ ಹಾಕಿ.

ಮೂರುಕಾಲು ಸ್ಟ್ಯಾಂಡು

ದಂಡೆ ಸರ್, ನಾನು ಮಾತಂಗ ಬೆಟ್ಟವನ್ನು ಒಪ್ಪಿಕೊಳ್ಳುತ್ತೇನೆ. ಹೇಗೂ ಡಿಸೆಂಬರಿನಲ್ಲಿ ಬರುತ್ತೇನೆ. ಮೇಲಿಂದ ಅಚ್ಯುತರಾಯ ದೇವಾಲಯದ ಇಡೀ ನೋಟ, ಇನ್ನೊಂದು ವಿರೂಪಾಕ್ಷ ಬಜಾರಿನ ಕಡೆ. ಬೆಳಕು ಚೆನ್ನಾಗಿರುವಾಗ ನನ್ನ ಫೋಟೋ, ಬಿಸಿಲು ಏರಿ ಎಲ್ಲ ಸ್ಪಷ್ಟವಾದ ಮೇಲೆ ನಿಮ್ಮ ಫೋಟೋ. ನಿಂತ ಬಂಡೆಯ ಫೋಟೋವನ್ನೂ ಬೇರೆ ತೆಗೆದು ಹಾಕುತ್ತೇನೆ, ಮುಂದಿನವರಿಗೆ ಹುಡುಕಲು ಅನುಕೂಲ.

ಹತ್ತುವವರಿಗೆ ಒಂದು ಮಾತು, ಕತ್ತಲಲ್ಲಿ ಒಬ್ಬರೇ ಹೋಗಬೇಡಿ, ಟಾರ್ಚ್ ಇರಲಿ. ಮಳೆ ಬಿದ್ದ ಮರುದಿನ ಆ ಮೆಟ್ಟಿಲು ಜಾರುತ್ತವೆ.

ತುಂಗಭದ್ರಾ ದಂಡೆ

ಬಹಳ ಸಂತೋಷ. ಹಾಗಾದರೆ ಹೀಗೆ ಶುರು ಮಾಡೋಣ. ಮಾತಂಗ ಬೆಟ್ಟ ಮೂರುಕಾಲು ಅವರದು. ಪುರಂದರ ಮಂಟಪ ಮತ್ತು ಹಳೇ ಸೇತುವೆ ಕಂಬಗಳು ನನ್ನವು. ನೀರು ಜಾಸ್ತಿ ಬಿಟ್ಟ ದಿನ ದಂಡೆಗೆ ಇಳಿಯಲು ಬಿಡುವುದಿಲ್ಲ, ಇಳಿಯಲೂ ಬಾರದು. ಮೇಲಿನ ಬಂಡೆಯಿಂದಲೇ ಕಾಣುವ ಹಾಗೆ ಒಂದು ಜಾಗ ಗೊತ್ತು ಮಾಡಿದ್ದೇನೆ. ಆಚೆ ದಡದಿಂದ ಅದೇ ಕಂಬಗಳನ್ನು ಆನೆಗೊಂದಿಯವರು ತೆಗೆದರೆ ಎರಡೂ ಕಡೆಯ ಲೆಕ್ಕ ಸಿಗುತ್ತದೆ. ಸಾಲು ಮಂಟಪವನ್ನು ಎದುರು ಬಸವಣ್ಣನ ಕಡೆಯಿಂದ ಒಂದು, ವಿರೂಪಾಕ್ಷ ಗೋಪುರದ ಕಡೆಯಿಂದ ಒಂದು ತೆಗೆಯಬೇಕು, ಅದಕ್ಕೆ ಜನ ಬೇಕು. ಗಜಶಾಲೆ ಹಿಂದಿನ ಮಂಟಪಗಳಿಗೂ ಬೇಕು.

ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ಜಾಗ. ನೆರೆಯ ಫೋಟೋ ಆದರೆ ಕೊನೆಗೆ ಆವತ್ತಿನ ಕ್ಯೂಸೆಕ್. ಹೀಗಿದ್ದರೆ ಕಂಪ್ಯೂಟರಿನಲ್ಲಿ ತಾನಾಗಿಯೇ ವರ್ಷದ ಸಾಲಿನಲ್ಲಿ ಕೂರುತ್ತವೆ.

ಆನೆಗೊಂದಿ ಕಡೆಯವನು

ಆಚೆ ದಡ ನನಗಿರಲಿ. ತಳವಾರಘಟ್ಟಕ್ಕೆ ಎದುರಿನ ನಮ್ಮ ಕಡೆಯ ದಡದಿಂದಲೂ ತೆಗೆಯುತ್ತೇನೆ. ಹರಿಗೋಲು ನಡೆಸುವ ಹಿರಿಯರನ್ನು ಕರೆದುಕೊಂಡು ಹೋಗುತ್ತೇನೆ. ಯಾವ ವರ್ಷ ನೀರು ಎಲ್ಲಿಗೆ ಬಂದಿತ್ತು ಅಂತ ಅವರು ಬಂಡೆ ತೋರಿಸಿ ಹೇಳುತ್ತಾರೆ. ಅವರ ಮಾತನ್ನೂ ಫೋಟೋ ಜೊತೆ ಬರೆದುಕೊಳ್ಳುತ್ತೇನೆ, ಅವರ ಹೆಸರು ಹಾಕಬಹುದಾ ಅಂತ ಕೇಳಿ.

ಮೊಬೈಲ್ ಸಾಕು

ಗಜಶಾಲೆ ಹಿಂದಿನ ಮಂಟಪಗಳು ನಮ್ಮ ಮನೆಯಿಂದ ಹತ್ತಿರ, ಅವು ನನಗೆ ಬಿಡಿ. ಸಾಲು ಮಂಟಪಕ್ಕೆ ನಮ್ಮ ಕಾಲೇಜಿನ ಇಬ್ಬರನ್ನು ಕೇಳಿದ್ದೇನೆ, ಬರುತ್ತೇವೆ ಅಂದಿದ್ದಾರೆ. ರೋಲು ತಾತ, ಕಂಬ ವಾಲಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಫೋನನ್ನು ಸ್ವಲ್ಪವೂ ಓರೆ ಹಿಡಿಯಬಾರದು ಅಲ್ವಾ? ಅದಕ್ಕೆ ಏನು ಮಾಡುವುದು?

ಹಳೇ ರೋಲು

ಒಳ್ಳೆ ಪ್ರಶ್ನೆ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಗ್ರಿಡ್ ಆನ್ ಮಾಡು, ಮಟ್ಟದ ಗೆರೆಯ ಆಯ್ಕೆ ಇದ್ದರೆ ಅದನ್ನೂ ಹಾಕು. ಫೋನನ್ನು ಮೇಲಕ್ಕೆ ಎತ್ತಿ ತೆಗೆದರೆ ಎಲ್ಲ ಕಂಬಗಳೂ ಒಳಕ್ಕೆ ವಾಲಿದ ಹಾಗೆ ಕಾಣುತ್ತವೆ. ಆದ್ದರಿಂದ ಹಿಂದಕ್ಕೆ ಹೋಗಿ, ಫೋನನ್ನು ನೆಟ್ಟಗೆ ಹಿಡಿದು ತೆಗೆ. ವೈಡ್ ಲೆನ್ಸ್ ಬಳಸಬೇಡ, ಅಂಚಿನಲ್ಲಿ ಎಳೆದ ಹಾಗೆ ಆಗುತ್ತದೆ. ಇಷ್ಟರ ಮೇಲೂ ಅನುಮಾನ ಉಳಿಯಬಾರದು ಅಂದರೆ ದಾರಕ್ಕೆ ಒಂದು ಕಲ್ಲು ಕಟ್ಟಿ ಕಂಬದ ಮುಂದೆ ಗೆಳೆಯನ ಕೈಯಲ್ಲಿ ತೂಗಿ ಹಿಡಿಸು, ಕಂಬಕ್ಕೆ ತಾಗಿಸದೆ. ದಾರ ಅಲುಗಾಡುವುದು ನಿಂತ ಮೇಲೆ ತೆಗೆ. ಗಾರೆ ಕೆಲಸದವರ ತೂಕದ ಗುಂಡು ಸಿಕ್ಕರೆ ಇನ್ನೂ ಸುಲಭ. ಮೊದಲ ಸಲ ತೆಗೆದದ್ದನ್ನು ಇಲ್ಲಿ ಹಾಕು, ದಾರ ಸರಿಯಾಗಿ ಕಾಣುತ್ತಿದೆಯಾ ಅಂತ ನೋಡಿ ಹೇಳುತ್ತೇನೆ.